ಕಾಂಪೌಂಡ್ ಮರದ ಯಜಮಾನರು

ಸ್ವಂತ ಸೈಟಿನೊಳಗೆ ದೊಡ್ಡದೊಂದು ಮರವಿದ್ದು, ಅದರ ಹೊಣೆ ಮಾತ್ರ ಬೇಡವೆನ್ನುವ ಗೃಹಸ್ಥರೇ ಮರದ ಯಜಮಾನರು. ಬೆಂಗಳೂರಿನ ಜಯನಗರ, ಮಲ್ಲೇಶ್ವರದಂಥ ಹಳೆಯ ಬಡಾವಣೆಗಳಲ್ಲಿ ಇವರು ಹೇರಳ. ಮರ ಹೆಚ್ಚಾಗಿ ಗುಲ್‌ಮೊಹರ್, ತಂದೆಯವರು ನೆಟ್ಟದ್ದು. ಮಡಗಾಸ್ಕರ್ ಮೂಲದ ಈ ಮರ ಬೇಗ ಬೆಳೆಯುತ್ತದೆ, ಬೇರು ಮೇಲ್ಮಣ್ಣಿನಲ್ಲೇ ಹರಡುತ್ತದೆ, ಕೊಂಬೆ ಬಲು ಪೆಳಸು. ಏಪ್ರಿಲ್, ಮೇ ತಿಂಗಳಲ್ಲಿ ಮೈತುಂಬ ಹೂ. ಮುಂಗಾರಿಗೆ ಮುಂಚಿನ ಗಾಳಿಮಳೆಗೆ ಕೊಂಬೆ ಮುರಿಯುವುದೂ ಆಗಲೇ.

ಹೂ ಬಿಟ್ಟಾಗ ಮರ ಯಜಮಾನರದು, ಬಂದವರನ್ನೆಲ್ಲ ಗೇಟಿನಲ್ಲೇ ನಿಲ್ಲಿಸಿ ತೋರಿಸುತ್ತಾರೆ. ಪುಡಿ ಎಲೆ ಉದುರಿ ಪಕ್ಕದ ಮನೆಯ ತಾರಸಿಯ ನೀರಿನ ಕೊಳವೆ ಕಟ್ಟಿಕೊಂಡರೆ ಮರ ಸಾರ್ವಜನಿಕ ಆಸ್ತಿ. ಕೊಂಬೆ ಕಾರಿನ ಮೇಲೆ ಬಿದ್ದರಂತೂ ಅದು ಭಗವಂತನದೇ. "ಗಾಳಿ ನಾವೇನು ಬೀಸಿದ್ವಾ ಸ್ವಾಮಿ?" ಎನ್ನುತ್ತಾರೆ. ಒಣಕೊಂಬೆ ನೇತಾಡುವುದು ಗೊತ್ತಿದ್ದೂ ಸುಮ್ಮನಿದ್ದವರ ತಪ್ಪನ್ನು ಕಾನೂನು ಗಾಳಿಯ ತಲೆಗೆ ಕಟ್ಟುವುದಿಲ್ಲ ಎಂಬುದು ಅವರಿಗೆ ರುಚಿಸದ ಸಂಗತಿ.

ಆರೈಕೆಯಲ್ಲಿ ಅವರು ಹಿಂದೆ ಬಿದ್ದವರಲ್ಲ. ನೀರು, ಗಾಳಿ ಹೀರುವ ಸಣ್ಣ ಬೇರುಗಳು ಮಣ್ಣಿನ ಮೇಲ್ಪದರದಲ್ಲೇ ಇರುವುದರಿಂದ ಬುಡದ ಸುತ್ತ ಮಣ್ಣು ತೆರೆದಿರಬೇಕು. ಯಜಮಾನರು ಕಾಂಡಕ್ಕೆ ತಾಗುವಂತೆ ಟೈಲ್ಸ್ ಹಾಕಿಸಿ, ಅದರ ಮೇಲೆ ದಿನಾ ಎರಡು ಬಕೆಟ್ ನೀರು ಸುರಿಯುತ್ತಾರೆ. ನೀರು ನೆಟ್ಟಗೆ ಗೇಟು ದಾಟಿ ರಸ್ತೆಗೆ ಹೋಗುತ್ತದೆ. ಕಾಂಡಕ್ಕೆ 'ಮನೆ ಬಾಡಿಗೆಗಿದೆ' ಬೋರ್ಡು ಹೊಡೆದ ಮೊಳೆಗೇ ಆಯುಧಪೂಜೆಯ ದಿನ ಚೆಂಡುಹೂವಿನ ಹಾರ.

ಕೊಂಬೆ ಸವರುವ ದಿನ ಅವರು ತಜ್ಞರಾಗುತ್ತಾರೆ. ಭಾರದ ಕೊಂಬೆಯನ್ನು ಮೂರು ಹಂತದಲ್ಲಿ ಕತ್ತರಿಸುವುದು ಸರಿಯಾದ ಕ್ರಮ. ಮೊದಲು ಕಾಂಡದಿಂದ ಅಡಿಯಷ್ಟು ದೂರದಲ್ಲಿ ಕೆಳಗಿನಿಂದ ಅರ್ಧ ಕೊಯ್ತ, ಇಲ್ಲವಾದರೆ ಕೊಂಬೆ ಬೀಳುವಾಗ ತೊಗಟೆ ಸೀಳುತ್ತದೆ. ಅದರಾಚೆ ಮೇಲಿನಿಂದ ಕೊಯ್ದು ಕೊಂಬೆ ಇಳಿಸಬೇಕು. ಕೊನೆಗೆ ಉಳಿದ ಮೋಟನ್ನು, ಬುಡದಲ್ಲಿ ಉಬ್ಬಿದ ಭಾಗ ಬಿಟ್ಟು ತೆಗೆಯಬೇಕು. ಗಾಯ ಮುಚ್ಚುವುದು ಆ ಉಬ್ಬಿನಿಂದಲೇ. ಮರ ಹತ್ತುವವನಿಗೆ ಇದಿಷ್ಟೂ ಗೊತ್ತು. "ಅದೆಲ್ಲಾ ಯಾಕಪ್ಪಾ, ತಲೆ ಹೊಡೆದುಬಿಡು, ಐದು ವರ್ಷ ನಿಶ್ಚಿಂತೆ" ಎಂದು ಕೆಳಗಿನಿಂದ ಅಪ್ಪಣೆಯಾಗುತ್ತದೆ. ತಲೆ ಹೊಡೆದ ಮರ ಗೊಂಚಲು ಗೊಂಚಲಾಗಿ ಚಿಗುರುತ್ತದೆ. ಆ ಹೊಸ ರೆಂಬೆಗಳ ಹಿಡಿತ ಸಡಿಲ, ಹಳೆಯವಕ್ಕಿಂತ ಬೇಗ ಮುರಿಯುತ್ತವೆ. ಆಗ ಬೈಗುಳ ಹತ್ತಿದವನಿಗೆ.

ಕೊನೆಗೆ ಕಡಿಸುವ ಯೋಚನೆ ಬರುತ್ತದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಸ್ವಂತ ಜಾಗದ ಮರಕ್ಕೂ ವೃಕ್ಷಾಧಿಕಾರಿಯ ಅನುಮತಿ ಬೇಕು. ತೆಂಗು, ನೀಲಗಿರಿ, ಸಿಲ್ವರ್ ಓಕ್, ಸುಬಾಬುಲ್ ಮೊದಲಾದವಕ್ಕೆ ವಿನಾಯಿತಿಯುಂಟು. ಈ ಪಟ್ಟಿ ಯಜಮಾನರಿಗೆ ಬಾಯಿಪಾಠ, ಗುಲ್‌ಮೊಹರ್ ಅದರಲ್ಲಿಲ್ಲವೆಂಬುದೇ ಅವರ ವ್ಯಥೆ. ಅರ್ಜಿಯಲ್ಲಿ ಅವರು 'ಪ್ರಾಣಾಪಾಯ' ಎಂದು ಬರೆಯುತ್ತಾರೆ. ಪರಿಶೀಲನೆಗೆ ಬಂದವರಿಗೆ ಕಾಫಿ ಕೊಡುವುದು ಅದೇ ಮರದ ನೆರಳಿನಲ್ಲಿ, ಒಳಗೆ ಸೆಖೆಯೆಂದು.

ಅನುಮತಿ ಸಿಕ್ಕರೆ ಬದಲಿಗೆ ಸಸಿ ನೆಡುವ ಹೊಣೆ ಜೊತೆಗೇ ಬರುತ್ತದೆ. ಯಜಮಾನರು ತಪ್ಪದೆ ನೆಡುತ್ತಾರೆ: ಕಾಂಪೌಂಡಿನಾಚೆ, ಫುಟ್‌ಪಾತಿನಲ್ಲಿ, ಪಕ್ಕದ ಮನೆಯವರ ಗೇಟಿನ ಎದುರು.