ದ್ವಿಚಕ್ರ ಮೀಮಾಂಸೆ: ಪಂದ್ಯಕ್ಕೂ ಪೇಟೆಗೂ ಒಂದೇ ಸೈಕಲ್ ಸಾಕೇ ಎಂಬ ವಿಚಾರ

ಶಾಸ್ತ್ರಗ್ರಂಥವನ್ನು ಆರಂಭಿಸುವ ಮುನ್ನ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ವಿಷಯ: ಸೈಕ್ಲೋಕ್ರಾಸ್ ಸೈಕಲ್. ಅಧಿಕಾರಿ: ಭಾನುವಾರ ಕೆಸರಿನಲ್ಲಿ ಬಿದ್ದು, ಸೋಮವಾರ ಅದೇ ಸೈಕಲ್ಲಿನಲ್ಲಿ ಆಫೀಸಿಗೆ ಹೋಗಬೇಕಾದವನು, ಅಂದರೆ ಬೆಲ್ಜಿಯಂನ ಗೆಂಟ್ ಊರಿನಲ್ಲಿ, ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ ಬಾಡಿಗೆಗಿರುವ ಈ ಗ್ರಂಥಕರ್ತ. ಸಂಬಂಧ: ಸಾಲಗಾರನಿಗೂ ಬ್ಯಾಂಕಿಗೂ ಇರುವಂಥದ್ದು. ಪ್ರಯೋಜನ: ವಿಚಾರಾಧೀನ.

ಮೊದಲು ಸೈಕ್ಲೋಕ್ರಾಸ್ ಎಂಬ ಪಂದ್ಯದ ಲಕ್ಷಣ. ಮೂರು ಕಿಲೋಮೀಟರ್ ಆಸುಪಾಸಿನ ಒಂದು ಸುತ್ತು. ಅದರಲ್ಲಿ ಹುಲ್ಲು, ಮರಳು, ಮೆಟ್ಟಿಲು, 40 ಸೆಂಟಿಮೀಟರ್ ಎತ್ತರದವರೆಗಿನ ಅಡ್ಡಹಲಗೆ, ಮತ್ತು ಇವೆಲ್ಲವನ್ನೂ ಒಂದುಗೂಡಿಸುವ ಪರಮತತ್ತ್ವವಾದ ಕೆಸರು. ಇದನ್ನು ಸುಮಾರು ಒಂದು ಗಂಟೆ ಸುತ್ತುತ್ತಾರೆ. ತುಳಿಯಲಾಗದ ಕಡೆ ಇಳಿದು, ಸೈಕಲ್ಲನ್ನು ಹೆಗಲಿಗೇರಿಸಿ ಓಡುತ್ತಾರೆ. ಇದನ್ನು ಫೋನಿನಲ್ಲಿ ನಿರೂಪಿಸಿದಾಗ ಅರಸೀಕೆರೆಯಿಂದ ಅಮ್ಮ ಎತ್ತಿದ ಆಕ್ಷೇಪ ಹೀಗಿದೆ: "ಪಂಚರಾದ್ರೂ ಜನ ತಳ್ಕೊಂಡು ಹೋಗ್ತಾರೆ ಕಣೋ. ನೀನ್ಯಾಕೆ ಹೊತ್ಕೊಂಡು ಓಡ್ತೀಯ? ಅದೂ ಸಾಲ ಮಾಡಿ ತಗೊಂಡಿದ್ದನ್ನ?" ಪೂರ್ವಪಕ್ಷ ಇಷ್ಟು ಗಟ್ಟಿಯಾಗಿ ಮಂಡನೆಯಾಗುವುದು ಅಪರೂಪ. ಇದೂ ಒಂಥರಾ ಕಂಬಳವಮ್ಮ ಅಂದೆ. ಆ ಉಪಮಾನದಲ್ಲೂ ದೋಷವಿದೆ. ಕಂಬಳದಲ್ಲಿ ಕೋಣ ಬೇರೆ, ಓಡಿಸುವವನು ಬೇರೆ.

ಪ್ರಮಾಣಕ್ಕೇನೂ ಕೊರತೆಯಿಲ್ಲ. ಫ್ರಾನ್ಸಿನಲ್ಲಿ 1902ರಲ್ಲೇ ಸೈಕ್ಲೋಕ್ರಾಸ್‌ನ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆದಿದೆ. ಡೇನಿಯಲ್ ಗೂಸೋ ಎಂಬ ಸೈನಿಕನನ್ನು ಇದರ ಮೂಲಪುರುಷ ಎನ್ನುತ್ತಾರೆ. ಚಳಿಗಾಲವಿಡೀ ಹೀಗೆ ಕೆಸರು ಕಲಸಿಕೊಂಡಿದ್ದ ಒಕ್ಟಾವ್ ಲಾಪಿಜ್ 1910ರ ಟೂರ್ ಡಿ ಫ್ರಾನ್ಸ್ ಗೆದ್ದ ಮೇಲೆ ಈ ಮತಕ್ಕೆ ಜನ ಸೇರಿದರು. 1950ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಮೊದಲ ವಿಶ್ವ ಚಾಂಪಿಯನ್‌ಷಿಪ್ ಗೆದ್ದ ಜಾನ್ ರೋಬಿಕ್ ಕೂಡ 1947ರ ಟೂರ್ ಗೆದ್ದವನೇ. ಮತ ಹುಟ್ಟಿದ್ದು ಫ್ರಾನ್ಸಿನಲ್ಲಾದರೂ ಮಠಗಳೆಲ್ಲ ಇಂದು ಬೆಲ್ಜಿಯಂನ ಫ್ಲಾಂಡರ್ಸ್ ಪ್ರಾಂತ್ಯದಲ್ಲಿವೆ. ಔಡೆನಾರ್ಡೆ ಹತ್ತಿರದ ಕೊಪ್ಪೆನ್‌ಬರ್ಗ್ ಗುಡ್ಡದ ಪಂದ್ಯ ನಡೆಯುವುದು ನವೆಂಬರ್ 1ರಂದು. ರಾಜ್ಯೋತ್ಸವದ ದಿನ ಇಲ್ಲಿಯ ಕನ್ನಡಿಗ ಅಲ್ಲಿ ನಿಂತು, ತಲೆ ಎಡಕ್ಕೆ ವಾಲಿಸಿ ಬೆಲ್ಜಿಯಂ ಬಾವುಟವನ್ನು ನೋಡಿದರೆ ಕಪ್ಪು ಪಟ್ಟಿಯ ಕೆಳಗೆ ಹಳದಿ, ಅದರ ಕೆಳಗೆ ಕೆಂಪು ಕಾಣುತ್ತದೆ. ಇದರಿಂದ ಏನು ಸಿದ್ಧವಾಗುತ್ತದೆ ಎಂಬುದನ್ನು ಇನ್ನೊಂದು ಪ್ರಬಂಧದಲ್ಲಿ ನೋಡೋಣ.

ಈಗ ಮತಭೇದ. ಅದ್ವೈತಿಗಳ ಪ್ರಕಾರ ಸೈಕಲ್ ಒಂದೇ. ಪಂದ್ಯದ್ದು, ಪೇಟೆಯದ್ದು ಎಂಬ ಭೇದ ಬರೀ ತೋರಿಕೆ. ಗ್ರಂಥಕರ್ತನೂ ಒಂದು ಕಾಲದಲ್ಲಿ ಅದ್ವೈತಿಯೇ. ಯುಸಿಐ ಎಂಬ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ಸ್ಮೃತಿಯಂತೆ ಪಂದ್ಯದ ಟೈರು 33 ಮಿಲಿಮೀಟರಿಗಿಂತ ಅಗಲವಿರಕೂಡದು. ಅಳೆದು ನೋಡಲು ಅಧಿಕಾರಿಗಳ ಕೈಯಲ್ಲೊಂದು ಸಾಧನವೇ ಇರುತ್ತದೆ. ಆ ಗುಬುಟು ಟೈರಿಗೆ ಕೆಸರಿನ ಲೆಕ್ಕದಲ್ಲಿ ಹೊಡೆದ 22 ಪಿಎಸ್‌ಐ ಗಾಳಿಯಲ್ಲೇ ನಾನು ಸೋಮವಾರ ಹೊರಟೆ. ಗೆಂಟಿನ ಟ್ರಾಮ್ ಹಳಿಯ ಸಂದಿಗೂ ಆ ಟೈರಿಗೂ ಜನ್ಮಾಂತರದ ನಂಟು. ಮುಂದಿನ ಚಕ್ರ ಹಳಿಯಲ್ಲಿ ಲೀನವಾಯಿತು; ನಾನು ಮಾತ್ರ ಸ್ಟಾಪಿನಲ್ಲಿ ಕಾಯುತ್ತಿದ್ದವರ ಕಾಲಬುಡದಲ್ಲಿ ಭಿನ್ನನಾಗಿ ಬಿದ್ದಿದ್ದೆ.

ದ್ವೈತಿಗಳು ಪಂದ್ಯಕ್ಕೊಂದು, ಪೇಟೆಗೊಂದು ಬೇಕೆನ್ನುತ್ತಾರೆ. ಅವರಿಗೆ ವೃತ್ತಿಪರರ ಆಚಾರವೇ ಆಧಾರ. ಕೆಸರು ಮೆತ್ತಿದ ಸೈಕಲ್ಲನ್ನು ಪಿಟ್‌ನಲ್ಲಿ ಎಸೆದು, ತೊಳೆದಿಟ್ಟ ಇನ್ನೊಂದನ್ನು ಹಿಡಿದು ಹೊರಡುತ್ತಾರೆ. ಸುತ್ತಿಗೆ ಎರಡು ಸಲ ಅದಕ್ಕೆ ಅವಕಾಶ. ಅಷ್ಟರಲ್ಲಿ ಮೆಕ್ಯಾನಿಕ್ ಮೊದಲನೆಯದಕ್ಕೆ ಪೈಪಿನಿಂದ ಅಭಿಷೇಕ ಮಾಡಿರುತ್ತಾನೆ. ಈ ವಾದವನ್ನು ನನ್ನ ಹೆಂಡತಿ ಒಂದೇ ವಾಕ್ಯದಲ್ಲಿ ಖಂಡಿಸಿದಳು: "ಎರಡನೇ ಸೈಕಲ್ಲಿಗೆ ಜಾಗ ಇದೆ ರೀ, ಆಮೇಲೆ ನಿಮಗಿರಲ್ಲ." (ಚೌಕಟ್ಟಿನೊಳಗೇ ಒಬ್ಬ ಅಂತರ್ಯಾಮಿ ಕುಳಿತು ನಡೆಸುತ್ತಾನೆಂಬ ಮತವೂ ಉಂಟು. 2016ರಲ್ಲಿ ಝೋಲ್ಡರ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಒಂದು ಸೈಕಲ್ಲಿನ ಒಳಗೆ ಅವನು ಮೋಟರಿನ ರೂಪದಲ್ಲಿ ಸಿಕ್ಕಿಬಿದ್ದ. ಸವಾರಳಿಗೆ ಆರು ವರ್ಷ ನಿಷೇಧವಾಯಿತು.)

ಉಳಿದದ್ದು ವಿಶಿಷ್ಟಾದ್ವೈತ: ಫ್ರೇಮು ಒಂದು, ಚಕ್ರ ಎರಡು ಜೊತೆ. ಒಂದು ಜೊತೆಗೆ ಗುಬುಟು ಟೈರು. ಇನ್ನೊಂದಕ್ಕೆ 35 ಮಿಲಿಮೀಟರಿನ ನುಣುಪು ಟೈರು, 50 ಪಿಎಸ್‌ಐ ಗಾಳಿ. ಡಿಸ್ಕ್ ಬ್ರೇಕಿಗೆ ಯುಸಿಐ 2010ರಲ್ಲೇ ಒಪ್ಪಿಗೆ ಕೊಟ್ಟಿರುವುದರಿಂದ ರಿಮ್ಮಿನ ಅಗಲ ಹೊಂದಿಸುವ ತಲೆನೋವಿಲ್ಲ. ಆದರೆ ಎರಡೂ ಜೊತೆಯ ಡಿಸ್ಕುಗಳು ಕೂದಲೆಳೆಯಷ್ಟು ಆಚೀಚೆ ಕೂತರೂ ಆಫೀಸಿನ ತನಕ ಶೀಂ ಶೀಂ ಎಂಬ ನಾದ ತಪ್ಪುವುದಿಲ್ಲ. ನಡುವೆ ಕಾಗದದಷ್ಟು ತೆಳ್ಳಗಿನ ವಾಷರ್ ಕೊಡಬೇಕು. ಗಿಯರಿನ ವಿಚಾರವನ್ನು ಗ್ರಂಥವಿಸ್ತಾರ ಭಯದಿಂದ ಬಿಟ್ಟಿದ್ದೇನೆ. ಮುಂದೆ ಒಂದೇ ಹಲ್ಲುಚಕ್ರ, 40 ಹಲ್ಲು, ಸಾಕು.

ಇಲ್ಲಿ ಶೂನ್ಯವಾದಿಗಳಿಗೂ ಸ್ವಲ್ಪ ಜಾಗ ಕೊಡಬೇಕು. ಸೈಕಲ್ಲಿನ ಯೋಗ್ಯತೆ ಅದರಲ್ಲಿ ಇರುವುದರಿಂದಲ್ಲ, ಇಲ್ಲದ್ದರಿಂದ, ಅಂದರೆ ತೂತುಗಳಿಂದ ತಿಳಿಯುತ್ತದೆ. ಗಂಟೆಯ ಪಂದ್ಯದಲ್ಲಿ ನೀರು ಕುಡಿಯಲು ಪುರುಸೊತ್ತಿಲ್ಲವೆಂದು ಕೆಲವು ರೇಸ್ ಫ್ರೇಮುಗಳಲ್ಲಿ ಬಾಟಲಿಗೂ ತೂತಿರುವುದಿಲ್ಲ. ಅಂಗಡಿಯಲ್ಲಿ ಹುಡುಗ ಕಾರ್ಬನ್ನಿನ ತೂಕ ಹೇಳುತ್ತಿದ್ದಾಗ ನಾನು ಮಂಡಿಯೂರಿ ಹಿಂದಿನ ಚಕ್ರದ ಅಚ್ಚಿನ ಬಳಿ 5 ಮಿಲಿಮೀಟರ್ ಸ್ಕ್ರೂ ಹಿಡಿಯುವ ಮರೆತೂತು ಹುಡುಕುತ್ತಿದ್ದೆ. ರೇಸ್ ಸೈಕಲ್ಲಿಗೆ ಮಡ್‌ಗಾರ್ಡ್ ಯಾಕೆ ಸಾರ್ ಎಂದು ಕೇಳಿದ. ಹೊರಗೆ ಮಳೆ ಬರುತ್ತಿತ್ತು. ನಿನ್ನೆಯೂ ಬಂದಿತ್ತು. ನಾಲ್ಕನೇ ಅಂಗಡಿಯಲ್ಲಿ ತೂತು ಸಿಕ್ಕಿತು. ಸೈಕಲ್ ಅದರ ಜೊತೆಗೆ ಬಂತು. ಅಂದಿನಿಂದ ಶನಿವಾರ ಸಂಜೆ ಮಡ್‌ಗಾರ್ಡ್ ಬಿಚ್ಚುವುದು, ಭಾನುವಾರ ರಾತ್ರಿ ಕಟ್ಟುವುದು ನಿತ್ಯಕರ್ಮ. ಒಂದು ಸ್ಕ್ರೂ ಫ್ರಿಜ್ಜಿನ ಕೆಳಗೆ ಅಜ್ಞಾತವಾಸದಲ್ಲಿದೆ.

ಇಷ್ಟೆಲ್ಲ ತರ್ಕ ಮಾಡಿದರೂ ಪಂದ್ಯ, ಪೇಟೆ ಎರಡೂ ಕೂಡುವ ಜಾಗ ಯಾವ ಮತಕ್ಕೂ ಹೊಳೆದಿರಲಿಲ್ಲ. ಚಿಕ್ಕಂದಿನಲ್ಲಿ ಅಪ್ಪ ನಮ್ಮನ್ನು ಕೂರಿಸಿಕೊಳ್ಳುತ್ತಿದ್ದರಲ್ಲ, ಆ ಬಾರ್. ಸೈಕ್ಲೋಕ್ರಾಸ್ ಸೈಕಲ್ಲಿನಲ್ಲಿ ಅದರ ತಳ ಚಪ್ಪಟೆಯಾಗಿರುತ್ತದೆ, ಹೊತ್ತಾಗ ಹೆಗಲಿಗೆ ಒತ್ತದಿರಲೆಂದು. ಪಂದ್ಯದಲ್ಲಿ ನಾನು ಹೊರುವುದು ಸುತ್ತಿಗೆ ಒಂದೋ ಎರಡೋ ಬಾರಿ. ಮನೆಯಲ್ಲಿ ದಿನಕ್ಕೆರಡು ಬಾರಿ, 54 ಮೆಟ್ಟಿಲು, ಎಡಗೈಯಲ್ಲಿ ಹಾಲು, ಈರುಳ್ಳಿಯ ಚೀಲ ಬೇರೆ. ಸೈಕಲ್ ಬೇತಾಳನಂತೆ ಬೆನ್ನಿಗಂಟಿ, ಮಡ್‌ಗಾರ್ಡಿನಿಂದ ಕುತ್ತಿಗೆಯೊಳಕ್ಕೆ ನೀರು ತೊಟ್ಟಿಕ್ಕಿಸುತ್ತದೆ. ಕೆಳಮನೆಯ ಅಜ್ಜಿ ಬಾಗಿಲು ತೆರೆದು ನನ್ನನ್ನೂ ಅದನ್ನೂ ನೋಡಿ ದಿನಾ ಅದೇ ಪ್ರಶ್ನೆ ಕೇಳುತ್ತಾರೆ: "ಪಂಚರಾಯ್ತಾ?"

ಮೊದಲ ತಿಂಗಳು ನಿಂತು ವಿವರಿಸುತ್ತಿದ್ದೆ. ಈಗ ಹೂಂ ಅಂದು ಹತ್ತುತ್ತೇನೆ.