ಆಸನಕಂಟಕ ಮೀಮಾಂಸೆ

ಪ್ರಸ್ತುತ ಪ್ರಬಂಧದ ಕ್ಷೇತ್ರವು ರಾಷ್ಟ್ರೀಯ ಹೆದ್ದಾರಿ 66ರ ಇಕ್ಕೆಲದಲ್ಲಿ, ಬ್ರಹ್ಮಾವರದಿಂದ ಕುಂದಾಪುರ ದಾಟಿ ಬೈಂದೂರು ತಾಲೂಕಿನ ಶಿರೂರಿನವರೆಗೆ ಹಬ್ಬಿದೆ. ವಿಷಯ ಮೂಲವ್ಯಾಧಿ. ಈ ಸೀಮೆಯಲ್ಲಿ ಅದು ಯಾರಿಗೂ ಇಲ್ಲವೆಂಬುದು ಪೂರ್ವಪಕ್ಷ. ಔಷಧದಂಗಡಿಯ ಸಾಕ್ಷ್ಯವೂ ಅದಕ್ಕೆ ಪೂರಕ: ಮುಲಾಮು ಕೇಳಲು ಬಂದವರೆಲ್ಲ ದನಿ ತಗ್ಗಿಸಿ ಹೇಳುವುದು, "ನಂಗಲ್ಲ ಮಾರಾಯ್ರೆ, ಭಾವಂಗೆ." ಇದು ಕರಾವಳಿಯ ಭಾವಂದಿರಿಗೆ ಮಾತ್ರ ತಗಲುವ ವ್ಯಾಧಿಯೆಂದು ವಿದ್ವಾಂಸರು ತರ್ಕಿಸಿದರೆ ತಪ್ಪಿಲ್ಲ.

ಆದರೆ ಕ್ಷೇತ್ರಕಾರ್ಯ ಬೇರೆಯೇ ಹೇಳುತ್ತದೆ. ಮದುವೆ ಮನೆಯಲ್ಲಿ "ಹ್ವಾಯ್, ಬನ್ನಿ, ಕೂಕಣಿ" ಎಂದು ಪ್ಲಾಸ್ಟಿಕ್ ಕುರ್ಚಿ ಎಳೆದರೆ "ಅಡ್ಡಿಲ್ಲ, ಅಡ್ಡಿಲ್ಲ" ಎನ್ನುತ್ತ ಕಂಬಕ್ಕೊರಗುವವರನ್ನು ಇದುವರೆಗೆ ವಿನಯವಂತರೆಂದು ಬಗೆಯಲಾಗಿದೆ. ಮಂದಾರ್ತಿ ಮೇಳದ ಯಕ್ಷಗಾನ ಆಟವನ್ನು ಬೆಳಗಿನವರೆಗೆ ನಿಂತೇ ನೋಡಿದವರಿಗೆ ಕಲಾಭಿಮಾನಿ ಎಂಬ ಕೀರ್ತಿ ಸಂದಿದೆ. ಎರಡೂ ತೀರ್ಮಾನಗಳ ಮರುಪರಿಶೀಲನೆ ಅಗತ್ಯ.

ಇನ್ನು ನಿದಾನಕಾಂಡ. ಗುದನಾಳದ ಒಳಗೋಡೆಯಲ್ಲಿ ರಕ್ತನಾಳಗಳಿಂದ ತುಂಬಿದ ಮೂರು ಮೆತ್ತೆಗಳು, ಗಡಿಯಾರದ 3, 7, 11 ಗಂಟೆಯ ಸ್ಥಾನಗಳಲ್ಲಿ, ಹುಟ್ಟಿನಿಂದಲೇ ಎಲ್ಲರಿಗೂ ಇರುತ್ತವೆ. ಬಾಗಿಲು ಬಿಗಿಯಾಗಿ ಮುಚ್ಚಲು ಅವು ಬೇಕು. ಮುಕ್ಕಿ ಮುಕ್ಕಿ, ಕೂತು ಕೂತು ಅವು ಊದಿ ಕೆಳಗೆ ಜಾರಿದರೆ ಮಾತ್ರ ರೋಗ. ಎಂದರೆ ನಾಚಬೇಕಾದ ಅಂಗ ಊರಿನ ಧರ್ಮದರ್ಶಿಗೂ ಇದೆ, ಶಾಸಕರಿಗೂ ಇದೆ. ಒಳಗಿನ ಮೊಳೆಗೆ ನೋವಿನ ನರಗಳಿಲ್ಲವಾದ್ದರಿಂದ ಅದು ಸದ್ದಿಲ್ಲದೆ ರಕ್ತ ಸುರಿಸುತ್ತದೆ. ಹೊರಗಿನದು ಬೊಬ್ಬೆ ಹೊಡೆಸುತ್ತದೆ.

ವೈದ್ಯರು ಒಳಮೊಳೆಯಲ್ಲಿ ನಾಲ್ಕು ದರ್ಜೆ ಹೇಳುತ್ತಾರೆ. ಮೊದಲನೆಯದು ಮನೆ ಬಿಡುವುದಿಲ್ಲ. ಎರಡನೆಯದು ಹೊರಗೆ ಹೋಗಿ ತಾನೇ ಮರಳುತ್ತದೆ. ಮೂರನೆಯದನ್ನು ಕೈಯಿಂದ ಒಳಗೆ ಕಳಿಸಬೇಕು. ನಾಲ್ಕನೆಯದು ಮುಂಬಯಿಗೆ ಹೋದ ಮಾಣಿ, ಎಷ್ಟು ಕರೆದರೂ ಬಪ್ಪುದಿಲ್ಲ.

ಕಾರಣಗಳ ಪೈಕಿ ಆಸನವೇ ಪ್ರಧಾನವೆಂಬ ಪಂಥ ಇಲ್ಲಿ ಪ್ರಬಲ. ಬೆಂಗಳೂರು, ಮುಂಬಯಿಗಳ ಹೋಟೆಲ್ ಗಲ್ಲಾಗಳಲ್ಲಿ ದಿನವಿಡೀ ಕೂತದ್ದು ಈ ಸೀಮೆಯವರೇ. ರಜೆಗೆ ಊರಿಗೆ ಬರುವುದೂ ರಾತ್ರಿ ಬಸ್ಸಿನಲ್ಲಿ ಕೂತೇ. ಹೊಸ ಆಸನ ಮೊಬೈಲಿನದು. ಬೋಸ್ಟನ್ನಿನ ವೈದ್ಯರು 125 ಮಂದಿಯನ್ನು ಪರೀಕ್ಷಿಸಿ 2025ರಲ್ಲಿ ಪ್ರಕಟಿಸಿದಂತೆ, ಶೌಚಾಲಯಕ್ಕೆ ಮೊಬೈಲ್ ಒಯ್ಯುವವರಲ್ಲಿ ಮೂಲವ್ಯಾಧಿಯ ಸಂಭವ ಶೇ. 46ರಷ್ಟು ಹೆಚ್ಚು. ಬಸುರಿಯರಿಗೂ ಬಾಣಂತಿಯರಿಗೂ ಇದು ಸಾಮಾನ್ಯ. ಬಾಣಂತಿಗೆ ನೀರು, ತರಕಾರಿ ಅಳೆದು ಕೊಡುವ ಮನೆಗಳಲ್ಲಿ ಮಲ ಗಟ್ಟಿಯಾಗಿ ಕಷ್ಟ ಇಮ್ಮಡಿ, ಹೇಳಿಕೊಳ್ಳುವುದು ಅರ್ಧ.

ಚಿಕಿತ್ಸಾಕಾಂಡದಲ್ಲಿ ಸುಶ್ರುತನೇ ಪ್ರಮಾಣ. ಅವನು ಹೇಳಿದ ದಾರಿ ನಾಲ್ಕು: ಭೇಷಜ, ಕ್ಷಾರ, ಅಗ್ನಿ, ಶಸ್ತ್ರ. ಇಂದಿಗೂ ಈ ಪಟ್ಟಿ ಹೆಚ್ಚು ಕದಲಿಲ್ಲ. ಭೇಷಜದ ಕಡೆಗೆ ಮಜ್ಜಿಗೆ, ಸುವರ್ಣಗಡ್ಡೆಗಳಿಗೆ ಶಾಸ್ತ್ರದ ಮನ್ನಣೆಯಿದೆ. ಹಿತ್ತಲ ವೈದ್ಯ ನಾಚಿಕೆಮುಳ್ಳನ್ನು ಅರೆದು ಕೊಡುತ್ತದೆ. ಮುಟ್ಟಿದರೆ ಮುದುಡುವ ಗಿಡವನ್ನು ತೋರಿಸಲು ಮುದುಡುವ ರೋಗಿಗೆ ಕೊಟ್ಟವರ ಹಾಸ್ಯಪ್ರಜ್ಞೆ ದೊಡ್ಡದು. ಅಲೋಪತಿಯೂ ಮೊದಲು ಹೇಳುವುದು ನಾರು, ನೀರು, ಬೆಚ್ಚನೆ ನೀರಿನ ಬೋಗುಣಿಯಲ್ಲಿ ಕೂರುವುದು. ಬಗ್ಗದಿದ್ದರೆ ಮೊಳೆಯ ಬುಡಕ್ಕೆ ರಬ್ಬರ್ ಬಳೆ ಬಿಗಿಯುತ್ತಾರೆ. ಕೆಲವು ದಿನಗಳಲ್ಲಿ ಅದು ಒಣಗಿ ಬೀಳುತ್ತದೆ. ಆಯುರ್ವೇದದ ಕ್ಷಾರಸೂತ್ರಕ್ಕೆ ಕಳ್ಳಿಹಾಲು, ಉತ್ತರಣೆಯ ಕ್ಷಾರ, ಅರಿಶಿನಗಳನ್ನು 21 ಬಾರಿ ಲೇಪಿಸಿದ ದಾರ ಬೇಕು. ಮೂರು, ನಾಲ್ಕನೆಯ ದರ್ಜೆಗೆ ಶಸ್ತ್ರಚಿಕಿತ್ಸೆ.

ಎರಡೂ ವಿದ್ಯೆಗಳ ಪೀಠ ದೂರವಿಲ್ಲ: ಮಣಿಪಾಲದ ವೈದ್ಯಕೀಯ ಕಾಲೇಜು 1953ರದು, ಕುತ್ಪಾಡಿಯ ಆಯುರ್ವೇದ ಕಾಲೇಜು 1958ರದು. ಆದರೂ ರೋಗಿ ಮೊದಲು ಓದುವ ಗ್ರಂಥ ಬಸ್ ಸ್ಟ್ಯಾಂಡಿನ ಗೋಡೆ. "ಮೂಲವ್ಯಾಧಿ, ಭಗಂದರ: ಆಪರೇಷನ್ ಇಲ್ಲದೆ ಗ್ಯಾರಂಟಿ" ಎಂಬ ಭಿತ್ತಿಪತ್ರಕ್ಕೆ ಮುಖ ತೋರಿಸಬೇಕಿಲ್ಲ, ಮತ್ತೊಂದನ್ನೂ ತೋರಿಸಬೇಕಿಲ್ಲ. 1945ರ ಔಷಧ ನಿಯಮಗಳ ಜೆ ಅನುಸೂಚಿಯ ಪ್ರಕಾರ ಮೂಲವ್ಯಾಧಿಯನ್ನು ವಾಸಿಮಾಡುತ್ತೇನೆಂದು ಯಾವ ಔಷಧವೂ ಹೇಳಿಕೊಳ್ಳುವಂತಿಲ್ಲ. ಬೋಳುತಲೆ, ಕುಳ್ಳತನಗಳೂ ಅದೇ ಪಟ್ಟಿಯಲ್ಲಿವೆ. ಗೋಡೆಗೆ ಅದು ಗೊತ್ತಿಲ್ಲ.

ಮರ್ಯಾದೆಯ ಪ್ರಶ್ನೆಗೆ ಒಂದು ನಿದರ್ಶನ ಸಾಕು. 1978ರ ಡಿಸೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಮೂಲವ್ಯಾಧಿಯಿಂದಾಗಿ ಕೆಲಸ ರದ್ದುಮಾಡಿದ್ದು ಪತ್ರಿಕೆಗಳಲ್ಲೇ ಬಂತು. ಅಧ್ಯಕ್ಷಗಿರಿ ಹೋಗಲಿಲ್ಲ. ನಮ್ಮಲ್ಲಿ ಹೆಂಡತಿಗೇ ಗೊತ್ತಿರುವುದಿಲ್ಲ.

ಸಿದ್ಧಾಂತ ಇಷ್ಟು: ಈ ಸೀಮೆಯಲ್ಲಿ ಮೊಳೆಗಿಂತ ಮುಚ್ಚುಮರೆಯೇ ಹೆಚ್ಚು ಬೆಳೆದಿದೆ, ಅದಕ್ಕೆ ಕ್ಷಾರವೂ ನಾಟುವುದಿಲ್ಲ. ಇಲ್ಲಿ ಅಣಕು ನಿಲ್ಲಿಸಬೇಕು. ಮಲದಲ್ಲಿ ರಕ್ತ ಕಂಡದ್ದೆಲ್ಲ ಮೂಲವ್ಯಾಧಿಯಲ್ಲ. ದೊಡ್ಡಕರುಳಿನ ಕ್ಯಾನ್ಸರೂ ಹಾಗೆಯೇ ರಕ್ತ ತೋರಿಸುತ್ತದೆ. ವಯಸ್ಸು ನಲವತ್ತೈದು ದಾಟಿದ್ದರೆ, ತೂಕ ಇಳಿದಿದ್ದರೆ, ಮಲವಿಸರ್ಜನೆಯ ಕ್ರಮ ಬದಲಾಗಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ. ಎಡಮಗ್ಗುಲಾಗಿ ಮಲಗಿಸಿ, ಬೆರಳಿನಿಂದ, ಬೇಕಿದ್ದರೆ ಒಂದು ಸಣ್ಣ ನಳಿಕೆಯಿಂದ ನೋಡುತ್ತಾರೆ. ಕೆಲವೇ ನಿಮಿಷದ ಕೆಲಸ.