ಮಳೆರಾಯನಿಗೆ ಎರಡು ಅರ್ಜಿ

ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸಿನಲ್ಲಷ್ಟೇ ಮಳೆ ಕಾಣುವ, ಅದನ್ನೂ ಗುರ್ಜಿ ಹೊತ್ತು, ಸಪ್ತಾಹ ಕೂಡಿಸಿ, ಕಪ್ಪೆಗಳಿಗೆ ವಿವಾಹ ನೆರವೇರಿಸಿ ಬರಮಾಡಿಕೊಳ್ಳುವ ವಿಜಯಪುರದ ಸೀಮೆಯಲ್ಲಿ, ಮಳೆಯಿಂದ ರಕ್ಷಣೆ ಪಡೆಯಲು ಸಿದ್ಧತೆ ನಡೆಸುವ ಗೃಹಸ್ಥನು ನೆರೆಹೊರೆಯವರ ದೃಷ್ಟಿಯಲ್ಲಿ ಅಪಶಕುನದ ಮನುಷ್ಯನೇ ಸರಿ. ತಿಕೋಟಾದಲ್ಲಿ ದ್ರಾಕ್ಷಿ ಬೆಳೆಯುವ ನನ್ನ ಅಣ್ಣನವರು ಪ್ರತಿ ಚೈತ್ರದಲ್ಲಿಯೂ ಈ ಅಪಕೀರ್ತಿಗೆ ತಲೆಯೊಡ್ಡುತ್ತಾರೆ.

ಅವರ ಸಂಕಟವು ಇಮ್ಮಡಿಯಾದುದು. ದ್ರಾಕ್ಷಿಯನ್ನು ದ್ರಾವಣದಲ್ಲಿ ಅದ್ದಿ, ಬಲೆಯ ಅಂತಸ್ತುಗಳ ಮೇಲೆ ಹರಡಿ, ಎರಡು ವಾರಗಳ ಕಾಲ ನೆರಳಿನಲ್ಲಿ ಒಣಗಿಸಿ ಮನೂಕ ಮಾಡುವ ಶೆಡ್ಡು ಹೊಲದ ಒಂದು ಮಗ್ಗುಲಿಗಿದ್ದರೆ, ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿಹೊಂಡವು ಇನ್ನೊಂದು ಮಗ್ಗುಲಿಗಿದೆ. ಮನೂಕಕ್ಕೆ ತೇವ ತಗುಲಿತೆಂದರೆ ಅದರ ಹಸುರು ಬಣ್ಣವು ಕಪ್ಪಿಗೆ ತಿರುಗಿ, ತಾಸಗಾಂವದ ಲಿಲಾವಿನಲ್ಲಿ ಧಾರಣೆ ಕುಸಿಯುತ್ತದೆ. ಹೊಂಡಕ್ಕೆ ನೀರು ಬೀಳಲಿಲ್ಲವೆಂದರೆ ಮುಂದಿನ ವರ್ಷ ಮನೂಕವೇ ಇಲ್ಲ. ಆದಕಾರಣ ಅವರ ಪ್ರಾತಃಕಾಲದ ಪೂಜೆಯಲ್ಲಿ ಎರಡು ಅರ್ಜಿಗಳು ಏಕಕಾಲಕ್ಕೆ ಸಲ್ಲುತ್ತವೆ: ಹೊಂಡದ ಮೇಲೆ ಧಾರಾಕಾರ ವೃಷ್ಟಿ, ಅಲ್ಲಿಂದ ನೂರು ಹೆಜ್ಜೆಯಾಚೆ ಶೆಡ್ಡಿನ ಮೇಲೆ ನಿರ್ಮಲ ಗಗನ.

ಉಷ್ಣತೆಯು 40 ಡಿಗ್ರಿಯನ್ನು ದಾಟಿದ ಅಪರಾಹ್ಣದಲ್ಲಿ ಗಾಳಿಯು ಒಮ್ಮೆಲೇ ಸ್ತಬ್ಧವಾಗಿ ದಿಗಂತದಲ್ಲಿ ಕಾರ್ಮೋಡವು ತಲೆಯೆತ್ತಿದೊಡನೆ, ಅಡ್ಡಮಳೆಯ ವಿರುದ್ಧದ ಯುದ್ಧಸನ್ನಾಹವು ಪ್ರಾರಂಭವಾಗುತ್ತದೆ. ಶೆಡ್ಡಿನ ನಾಲ್ಕೂ ಮಗ್ಗುಲಿಗೆ ತಾಡಪತ್ರಿ ಇಳಿಬಿಟ್ಟು ಹಗ್ಗ ಬಿಗಿಯುವುದು, ಕಣಕಿಯ ಬಣವಿಗೆ ಹೊದಿಕೆ ಹೊದಿಸುವುದು, ಸಿಡಿಲು ಒಂಟಿ ಮರಗಳನ್ನೇ ಆರಿಸಿಕೊಳ್ಳುವುದರಿಂದ ಬೇವಿನ ಬುಡದಲ್ಲಿನ ಎತ್ತುಗಳನ್ನು ಬಿಚ್ಚಿ ಕೊಟ್ಟಿಗೆಗೆ ಸಾಗಿಸುವುದು, ಇವೆಲ್ಲವೂ ವಿವೇಕದ ಕಾರ್ಯಗಳೇ. ಪತ್ರಾಸಿನ ಮೇಲೆ ಕಲ್ಲು ಹೇರುವ ಪದ್ಧತಿಯನ್ನು ಮಾತ್ರ ನಾನು ಒಪ್ಪಲಾರೆ. ಗಾಳಿಯು ತಗಡನ್ನು ಅಡಿಯಿಂದ ಎತ್ತುವುದರಿಂದ, ತಗಡನ್ನು ತೊಲೆಗೆ ಕೊಕ್ಕೆ ಹಾಕಿ ಬಿಗಿಯದಿದ್ದರೆ, ಅದು ಹಾರುವುದಲ್ಲದೆ ಕಲ್ಲನ್ನೂ ಸಹಯಾತ್ರಿಯಾಗಿ ಕರೆದೊಯ್ಯುವುದು.

ಹ್ಯೂಸ್ಟನ್ ನಗರದಲ್ಲಿರುವ ನಮ್ಮ ಹುಡುಗನೊಬ್ಬನು, ಚಂಡಮಾರುತದ ಮುನ್ನ ಆ ದೇಶದವರು ಈಜುಕೊಳವನ್ನು ಸಂರಕ್ಷಿಸುವ ಕ್ರಮವನ್ನು ಸವಿಸ್ತಾರವಾಗಿ ಬರೆದು ಕಳುಹಿಸಿದ್ದನು. ಅಂಗಳದ ಕುರ್ಚಿಗಳು ಹಾರದಂತೆ ಅವನ್ನು ಕೊಳದಲ್ಲಿಯೇ ಮುಳುಗಿಸುವವರೂ ಉಂಟಂತೆ. ಕೊಳವನ್ನು ಪೂರ್ತಿ ಬರಿದುಮಾಡಲಂತೂ ಕೂಡದು, ಏಕೆಂದರೆ ಅಂತರ್ಜಲವು ಉಕ್ಕಿ ಬರಿದಾದ ಕೊಳವನ್ನೇ ಭೂಮಿಯಿಂದ ಮೇಲಕ್ಕೆತ್ತೀತು. ಬೇಸಗೆಯ ರಜೆಯಲ್ಲಿ ಬಂದ ಮೊಮ್ಮಕ್ಕಳ ಈಜು ಹೊಂಡದತ್ತ ಹೊರಳದಂತೆ ಸುತ್ತಲೂ ಬೇಲಿ ಹಾಕಿಸಿ, ತಳ ಕಾಣುತ್ತಿದ್ದ ಆ ಹೊಂಡದ ಹಾಳೆ ಗಾಳಿಗೆ ಏಳದಿರಲೆಂದು ಅದರ ಅಂಚುಗಳ ಮೇಲೆ ಮಣ್ಣು ಎಳೆಸುತ್ತಿದ್ದ ಅಣ್ಣನವರು ಇದನ್ನು ಓದಿಸಿಕೊಂಡು ಕೇಳಿ, "ನಮ್ಮ ತಿಕೋಟಾದಾಗ ನೆಲದಾಗಿನ ನೀರು ಹಂಗ ಉಕ್ಕಿ ಬಂದ್ರ, ಹೊಂಡ ಹೋದ್ರ ಹೋಗ್ಲಿ, ಆರತಿ ಎತ್ತಿ ಕರಕೊಳ್ತೀನಿ," ಎಂದರು.

ಅವರ ಶ್ರದ್ಧೆಯೆಲ್ಲ ನಮ್ಮೂರ ಪುರಾತನ ವಿಧಾನದಲ್ಲಿ. 1656ರಲ್ಲಿ ಕಾಲವಾದ ಮಹಮ್ಮದ ಆದಿಲಶಾಹನು ಚಿರನಿದ್ರೆಯಲ್ಲಿರುವ ಗೋಳಗುಮ್ಮಟದ ದಕ್ಷಿಣದ್ವಾರದಲ್ಲಿ, ಸಿಡಿಲಿನಿಂದ ಕಟ್ಟಡವನ್ನು ಕಾಯುವುದೆಂಬ ಪ್ರತೀತಿಯಿಂದ ಸರಪಳಿಗೆ ತೂಗಹಾಕಿದ ಉಲ್ಕಾಶಿಲೆಯೊಂದುಂಟು. ಬಿಜಲಿ ಪತ್ಥರ್ ಎಂದು ಅದರ ಹೆಸರು. ಸುಮಾರು 38 ಮೀಟರ್ ಒಳವ್ಯಾಸದ ಗುಮ್ಮಟಕ್ಕೆ ಒಂದು ಕಲ್ಲು ಸಾಲುವುದಾದರೆ ತಮ್ಮ ಶೆಡ್ಡಿಗೆ ಒಂದು ಹರಳು ಸಾಲದೇ ಎಂಬುದು ಅಣ್ಣನವರ ತ್ರೈರಾಶಿಕ. ಆಕಾಶದಿಂದ ಒಮ್ಮೆ ಬಿದ್ದ ಕಲ್ಲನ್ನು ಬಾಗಿಲಲ್ಲಿ ಕಂಡ ಮೇಲೆ ಮತ್ತೊಂದು ವಿಪತ್ತು ಅದೇ ಮನೆಗೆ ಬೀಳಲು ಸಂಕೋಚಪಡುವುದೆಂಬ ತರ್ಕವು ಆ ಕಾಲದವರಲ್ಲಿ ಇದ್ದಿರಬಹುದೇನೋ!

ಈ ವರ್ಷ ಇಷ್ಟೆಲ್ಲ ಸನ್ನಾಹದ ತರುವಾಯ ತಿಕೋಟಾಕ್ಕೆ ಬಂದುದು ಬರಿಯ ಧೂಳು ಮತ್ತು ಗುಡುಗು. ತಾಡಪತ್ರಿಯ ಒಂದು ಗಂಟೂ ಸಡಿಲಲಿಲ್ಲ, ಹೊಂಡಕ್ಕೆ ಒಂದು ಹನಿಯೂ ಇಳಿಯಲಿಲ್ಲ. ಅರ್ಜಿಗಳಲ್ಲಿ ಒಂದು ಸಂಪೂರ್ಣವಾಗಿ ಮಂಜೂರಾಗಿತ್ತು. ಮನೂಕವನ್ನು ಆಗಲೇ ಬಾಕ್ಸಿಗೆ ತುಂಬಿ ಶೀತಲಗೃಹಕ್ಕೆ ಕಳುಹಿಸಿ ನಿಶ್ಚಿಂತರಾಗಿದ್ದ ಬಬಲೇಶ್ವರದ ಬೀಗರ ಹೊಲದಲ್ಲಿಯೋ, ಅದೇ ಸಾಯಂಕಾಲ ಮಳೆಯು ಮನಸಾರೆ ಸುರಿದು ಹೊಂಡ ಅರ್ಧ ತುಂಬಿತಂತೆ. ರಾತ್ರಿ ಅವರ ಫೋನು ಬಂತು.

"ಬೀಗ್ರ, ನಿಮ್ಮ ಕಡೆ ತಾಡಪತ್ರಿ ಭಾಳ ಗಟ್ಟಿ ಕಟ್ಟೀರಂತ. ಅದನ್ನ ನೋಡಿ ಮಳಿ ಹೊಳ್ಳಿ ನಮ್ಮ ಕಡೆ ಬಂತ್ರೀ!"